ಆರನೇ ಮನೆಯ ತಂದೆ

ಸಾಲುಗಳಿಗೆ ಸಂಖ್ಯೆ ಹಾಕಿ ಕಳಿಸಬೇಕು ಎಂದು ಸಂಶೋಧನಾ ಪತ್ರಿಕೆಯ ಸೂಚನೆಯಲ್ಲಿತ್ತು. ಪುಟಗಳಿಗಲ್ಲ, ಸಾಲುಗಳಿಗೆ. ಕಂಪ್ಯೂಟರಿನಲ್ಲಿ ಎಲ್ಲೋ ಏನನ್ನೋ ಒತ್ತಿದೊಡನೆ ಲೇಖನದ ಎಡ ಅಂಚಿನಲ್ಲಿ ಅಂಕಿಗಳು ಇರುವೆಗಳ ಹಾಗೆ ಮೇಲಿನಿಂದ ಕೆಳಗೆ ಇಳಿದುಬಂದವು. ಅಷ್ಟು ಹೊತ್ತು ತನ್ನದೆಂದುಕೊಂಡಿದ್ದ ಬರಹ ಆ ಕ್ಷಣದಿಂದ ಯಾರೋ ಆರೋಪಿ ಕೊಟ್ಟ ಹೇಳಿಕೆಯಂತೆ ಕಾಣತೊಡಗಿತು. ಇಂಥ ಸಾಲಿನಲ್ಲಿ ನೀನು ಹೀಗೆ ಹೇಳಿದ್ದೀಯಲ್ಲ, ಇದಕ್ಕೇನು ಸಮಜಾಯಿಷಿ ಎಂದು ಕಾಣದ ಮಂದಿ ಬೆರಳಿಟ್ಟು ಕೇಳುವುದಕ್ಕೆ ಈ ಏರ್ಪಾಡು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ, ಮಕ್ಕಳ ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಯಾವ ಆಧಾರದ ಮೇಲೆ?' ಎಂದು ಬರೆದು ಎಷ್ಟು ಮಕ್ಕಳ ಭಾನುವಾರಗಳನ್ನು ತಾನು ಹಾಳುಮಾಡಿದ್ದೇನೋ. ಈಗ ತನ್ನ ಭಾನುವಾರ. ಸಂಜೆಯೊಳಗೆ ಲೇಖನ ಹೋಗಬೇಕು. ಒಂದಾದರೂ ಲೇಖನ ಪತ್ರಿಕೆಯಲ್ಲಿ ಬಾರದೆ ಮಹಾಪ್ರಬಂಧ ಒಪ್ಪಿಸುವಂತಿಲ್ಲ, ಶಾಲೆ ಕೊಟ್ಟಿರುವ ರಜೆ ಈ ವರ್ಷಕ್ಕೆ ಮುಗಿಯುತ್ತದೆ, ಇನ್ನೊಂದು ವರ್ಷ ಕೊಡಿ ಎಂದು ಕೇಳಲು ಹೆಡ್‌ಮಾಸ್ಟರ ಮುಂದೆ ನಿಲ್ಲುವ ಧೈರ್ಯ ಅವನಿಗಿಲ್ಲ.

ಊಟದ ಮೇಜಿನ ಅರ್ಧವನ್ನು ಹೆಂಡತಿ ಬಿಟ್ಟುಕೊಟ್ಟಿದ್ದಳು. ಉಳಿದರ್ಧದಲ್ಲಿ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ದಂತವೈದ್ಯರ ಬಳಿ ಸಹಾಯಕಿ ಅವಳು. ವಾರವೆಲ್ಲ ಬಾಯಿ ತೆರೆದು ಒರಗಿದವರ ಪಕ್ಕದಲ್ಲಿ ನಿಂತೇ ಇರಬೇಕು. ಭಾನುವಾರ ಕೂತು ಮಾಡುವಂಥ ಕೆಲಸವನ್ನೇ ಹುಡುಕಿಕೊಳ್ಳುತ್ತಾಳೆ ಎಂಬುದನ್ನು ಅವನು ಬಹಳ ಹಿಂದೆಯೇ ಗಮನಿಸಿದ್ದ. ಗಮನಿಸುವುದೇ ತನ್ನ ಕಸುಬು ಎಂದು ಈಚೆಗೆ ಅವನಿಗೆ ಹೆಮ್ಮೆ. ಅವನ ಅಧ್ಯಯನ ಹೊರಟದ್ದೂ ಅಂಥದೇ ಒಂದು ಸಣ್ಣ ವಿಷಯದಿಂದ: ಮನೆಮಂದಿಯೆಲ್ಲ ಊಟಕ್ಕೆ ಕೂತಮೇಲೆ ನಡುವೆ ಎದ್ದು ಹೋಗುವವರು ಯಾರು, ಎಷ್ಟು ಸಲ, ಯಾತಕ್ಕೆ. ಹನ್ನೆರಡು ಮನೆಗಳು, ಒಂದೊಂದರಲ್ಲಿ ಒಂದೊಂದು ವಾರ. ವಿಷಯ ಕೇಳಿ ವಿಶ್ವವಿದ್ಯಾಲಯದ ವಿಭಾಗದಲ್ಲಿ ಜೊತೆಗೆ ಓದುವ ಹುಡುಗ ಹುಡುಗಿಯರು ನಕ್ಕಿದ್ದರು. ಅವರೆಲ್ಲ ಅವನನ್ನು 'ಅಂಕಲ್' ಎನ್ನುತ್ತಿದ್ದರು, ಎದುರಿಗೆ 'ಸಾರ್' ಎನ್ನುವುದನ್ನು ಮರೆತಾಗ. ಗ್ರಂಥಾಲಯದ ಬಾಗಿಲಲ್ಲಿ ಕಾವಲಿನವನು ಮೊದಲ ದಿನ, "ಮಗನ ಕಾರ್ಡು ನೀವು ತಂದ್ರೆ ನಡೆಯಲ್ಲ, ಅವನೇ ಬರ್ಬೇಕು," ಎಂದಿದ್ದ. ಕಾರ್ಡಿನ ಮೇಲಿದ್ದ ತನ್ನ ಫೋಟೋ ತೋರಿಸಿದಾಗ, ಫೋಟೋವನ್ನೂ ಮುಖವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ, "ಹಾಗಾ, ಪರವಾಗಿಲ್ಲ ಬಿಡಿ," ಎಂದು ಒಳಗೆ ಬಿಟ್ಟಿದ್ದ. ಯಾವುದು ಪರವಾಗಿಲ್ಲ ಎಂದು ಅವನು ಇವತ್ತಿನವರೆಗೂ ಯೋಚಿಸುತ್ತಿದ್ದಾನೆ.

ಹಿಂದಿನ ಅಧ್ಯಯನಗಳೆಲ್ಲ ಹೇಳಿದ್ದನ್ನೇ ಹನ್ನೊಂದು ಮನೆಗಳು ಹೇಳಿದ್ದವು. ತಾಯಂದಿರು ಏಳುತ್ತಾರೆ, ತಂದೆಯರು ಕೂತಿರುತ್ತಾರೆ. ಆರನೇ ಮನೆ ಮಾತ್ರ ಬೇರೆ. ಅಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಎದ್ದವನು ತಂದೆ. ಆ ಅಂಕಿಗಳನ್ನು ಮೊದಲ ಸಲ ನೋಡಿದಾಗ ಅವನ ಮಹಾಪ್ರಬಂಧದ ಗೈಡು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದಳು. ವಯಸ್ಸಿನಲ್ಲಿ ಅವನಿಗಿಂತ ತುಂಬ ಚಿಕ್ಕವಳು. ಅವನು ಅವಳನ್ನು ಮೇಡಂ ಎನ್ನುತ್ತಾನೆ, ಅವಳು ಅವನನ್ನು ಸಾರ್ ಎನ್ನುತ್ತಾಳೆ, ಇಬ್ಬರಿಗೂ ಅದರಲ್ಲಿ ಒಂದು ಸಣ್ಣ ಮುಜುಗರ. "ಸಾರ್, ಇದು ಚಿನ್ನ ಸಾರ್! ಯಾರ ಮನೆ ಇದು?" ಎಂದು ಕೇಳಿದ್ದಳು. "ಪರಿಚಯದವರದ್ದು," ಎಂದಿದ್ದ ಅವನು. ಸುಳ್ಳಲ್ಲ. ಆ ಮನೆಯವರ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು. ಅವಳ ಉತ್ಸಾಹದಲ್ಲಿ ಲೇಖನಕ್ಕೆ ಒಂದು ಉಪಶೀರ್ಷಿಕೆ ಬಂತು, 'ಬದಲಾಗುತ್ತಿರುವ ತಂದೆ' ಎಂದು. ಆಮೇಲೆ ಎರಡು ಪುಟ ಚರ್ಚೆ ಬಂತು. ಪ್ರೀತಿಯನ್ನು ಮಾತಿನಲ್ಲಿ ಹೇಳಲಾರದ ಒಂದು ತಲೆಮಾರಿನ ಗಂಡಸರು ಅದನ್ನು ಕಾಲಿನಲ್ಲಿ ಹೇಳುತ್ತಿದ್ದಾರೆ ಎಂಬ ವಾಕ್ಯ ಅವನದೇ. ಅದನ್ನು ಬರೆದ ದಿನ ಅವನು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ಹೋಗಿ ನಿಂತಿದ್ದ.

ಲೇಖಕ ಯಾರೆಂಬ ಸುಳಿವು ಎಲ್ಲಿಯೂ ಉಳಿದಿರಬಾರದು ಎಂಬುದು ಮುಂದಿನ ಸೂಚನೆ. ಪರಿಶೀಲಿಸುವವರಿಗೆ ನೀವು ಯಾರೆಂದು ತಿಳಿಯಬಾರದು, ನಿಮಗೆ ಅವರು ಯಾರೆಂದು ತಿಳಿಯಬಾರದು. ಅವನು ತನ್ನ ಹೆಸರು ಅಳಿಸಿದ, ಶಾಲೆಯ ಹೆಸರು ಅಳಿಸಿದ, ಬೀದಿಯ ಹೆಸರು ಅಳಿಸಿದ, ಕೃತಜ್ಞತೆಯಲ್ಲಿ 'ನನ್ನ ಬಾಳಸಂಗಾತಿಗೆ' ಎಂದಿದ್ದನ್ನೂ ಅಳಿಸಿದ. ಎದುರಿಗೇ ಕೂತಿದ್ದ ಬಾಳಸಂಗಾತಿ ನಾರಿನ ಗುಡ್ಡೆಯನ್ನು ಅವನ ಕಡೆಯ ಅರ್ಧಕ್ಕೆ ತುಸು ತಳ್ಳಿದಳು. ಅಷ್ಟೆಲ್ಲ ಅಳಿಸಿದ ಮೇಲೂ, ಲೇಖನದ ತುಂಬ ತಾನೇ ಓಡಾಡಿಕೊಂಡಿದ್ದೇನೆ ಎಂಬ ಅಳುಕು ಹೋಗಲಿಲ್ಲ. ಕೊನೆಯಲ್ಲಿ ಒಂದು ಘೋಷಣೆ ಇತ್ತು. ಈ ಅಧ್ಯಯನದ ಫಲಿತಾಂಶದಲ್ಲಿ ಲೇಖಕರಿಗೆ ವೈಯಕ್ತಿಕ ಹಿತಾಸಕ್ತಿ ಇದೆಯೇ? ಹೌದು, ಇಲ್ಲ. ಒಂದರ ಎದುರು ಗುರುತು ಹಾಕಿ. ಅವನು 'ಇಲ್ಲ'ದ ಎದುರು ಗುರುತು ಹಾಕಿ, ಯಾರಾದರೂ ನೋಡಿದರೇನೋ ಎನ್ನುವಂತೆ ತಲೆ ಎತ್ತಿದ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹೆಂಡತಿ ಎರಡೂ ಅಂಗೈಗಳನ್ನು ಮೇಜಿನ ಅಂಚಿಗೆ ಒತ್ತಿದಳು, ಎದ್ದಳು. ಏಳುವ ಮೊದಲು ಅಂಗೈ ಒತ್ತುವ ಈ ಚಲನೆಯನ್ನು ಅವನು ಲೇಖನದಲ್ಲಿ 'ಏಳುವಿಕೆಯ ಆರಂಭ' ಎಂದು ವಿವರಿಸಿದ್ದ. ಬೇರೆ ಮನೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ, ಉಣ್ಣುವವರಿಗೆ ಸಂಕೋಚವಾಗದಿರಲೆಂದು ಎಷ್ಟೋ ಸಲ ಗೋಡೆಗೆ ಮುಖಮಾಡಿ ಕೂತು ಕೂತು, ಎದ್ದರೋ ಕೂತರೋ ಎಂದು ಕಣ್ಣು ಮುಚ್ಚಿದರೂ ಸದ್ದಿನಿಂದಲೇ ಹೇಳಬಲ್ಲಷ್ಟು ಅವನು ಪಳಗಿದ್ದ. ಏಳುವವರ ಕುರ್ಚಿ ಹಿಂದಕ್ಕೆ ಜಾರುವಾಗ ಒಂದೇ ಉದ್ದನೆಯ ಎಳೆತ. ಕೂತವರು ಅದನ್ನು ಮೇಜಿಗೆ ಹತ್ತಿರ ಮಾಡಿಕೊಳ್ಳುವಾಗ ಎರಡು ಗಿಡ್ಡ ಜಗ್ಗುಗಳು.

ತನ್ನ ಮನೆಯಲ್ಲಿ ಮೂಲೆಯ ಕುರ್ಚಿ ಸಾಧ್ಯವಿರಲಿಲ್ಲ. ತಾನೂ ಊಟಕ್ಕೆ ಕೂರಬೇಕು, ನೋಡಬೇಕು, ನೋಡುತ್ತಿದ್ದೇನೆಂದು ಗೊತ್ತಾಗಬಾರದು. ಒಪ್ಪಿಗೆಯ ಹಾಳೆಗೆ ಹೆಂಡತಿ ಸಹಿ ಹಾಕಿದ್ದಳು. ಸಹಿ ಹಾಕುವಾಗ ಅವಳ ಇನ್ನೊಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ಓದಿದಳೋ ಇಲ್ಲವೋ. ಊಟದ ಮೇಜಿಗೆ ಪೆನ್ನು ತಂದರೆ ಬಯ್ಯುತ್ತಾಳೆ. ಆಗ ಹೊಳೆದದ್ದು ಗುಂಡಿಗಳ ಉಪಾಯ. ಹಳೇ ಅಂಗಿಗಳಿಂದ ಕಿತ್ತಿಟ್ಟ ಗುಂಡಿಗಳ ಡಬ್ಬಿ ಮನೆಯಲ್ಲಿತ್ತು. ಅಡುಗೆಮನೆಯ ಕಿಟಕಿಯ ಮೇಲಿನ ಹಲಗೆಯಲ್ಲಿ, ಯಾರೂ ಬಳಸದ ನಾಲ್ಕು ಸ್ಟೀಲ್ ಲೋಟಗಳನ್ನು ಸಾಲಾಗಿಟ್ಟ. ಹೆಂಡತಿಗೊಂದು, ಮಗಳಿಗೊಂದು, ತಾಯಿಗೊಂದು, ತನಗೊಂದು. ಯಾರಾದರೂ ಎದ್ದರೆ ತಾನೂ ನೆಪ ಮಾಡಿಕೊಂಡು ಒಳಗೆ ಹೋಗಿ, ಅವರ ಲೋಟಕ್ಕೆ ಒಂದು ಗುಂಡಿ. ಟಣ್. ತನ್ನನ್ನು ಬಿಟ್ಟರೆ ಅಧ್ಯಯನ ಪ್ರಾಮಾಣಿಕವಾಗುವುದಿಲ್ಲ ಎಂದು ತಾನು ಎದ್ದದ್ದಕ್ಕೆ ತನ್ನ ಲೋಟಕ್ಕೂ ಒಂದು. ಟಣ್. ಊಟ ಮುಗಿದ ಮೇಲೆ ಆ ಹೊತ್ತಿನ ಗುಂಡಿಗಳನ್ನು ಎಣಿಸಿ, ಎದ್ದ ಕಾರಣದ ಸಮೇತ ಬರೆದಿಡುತ್ತಿದ್ದ. ಆ ವಾರದಲ್ಲಿ ಅವನ ತಾಯಿ ಅವನನ್ನೇ ದಿಟ್ಟಿಸಿ ನೋಡುತ್ತಿದ್ದಳು. "ಏನೋ ಇದು, ತುತ್ತಿಗೊಂದು ಸಲ ಎದ್ದು ಹೋಗ್ತೀಯಲ್ಲ. ಸಕ್ಕರೆ ಕಾಯಿಲೆ ಶುರುವಾಗಿದೆಯೇನೋ, ಒಂದು ಸಲ ತೋರಿಸ್ಕೋಬಾರ್ದಾ?" ಎಂದು ದಿನವೂ ಪೀಡಿಸಿದ್ದಕ್ಕೆ, ಕೊನೆಗೆ ವಾರ ಮುಗಿದ ಮೇಲೆ ಅವನು ನಿಜವಾಗಿಯೂ ಹೋಗಿ ರಕ್ತ ಕೊಟ್ಟು ಬಂದಿದ್ದ. ಸಕ್ಕರೆ ಇರಲಿಲ್ಲ. "ಹಾಗಾದ್ರೆ ಇನ್ನೇನೋ ಇದೆ," ಎಂದಿದ್ದಳು ತಾಯಿ, ಮಗನ ಮೇಲಿನ ಮಮತೆಯಿಂದ.

ಪಟ್ಟಿಗಳಲ್ಲಿ ಕೂಡಿಸಿದ ಲೆಕ್ಕ ಸರಿಯಿದೆಯೇ ಎಂದು ಬೇರೊಬ್ಬರಿಂದ ನೋಡಿಸಿ ಎಂದು ಗೈಡು ಹೇಳಿದ್ದಳು. ಬೇರೊಬ್ಬರು ಎಂದರೆ ಮಗಳು. ಹೈಸ್ಕೂಲಿನ ಕೊನೆಯ ವರ್ಷ, ಲೆಕ್ಕವೆಂದರೆ ಪ್ರಾಣ, ಭೂಗೋಳವೆಂದರೆ ಆಕಳಿಕೆ. ಅವಳು ಮಂಡಿ ಮಡಚಿ ಕುರ್ಚಿಯ ಮೇಲೆ ಕೂತು, ಹಸಿ ಹುರುಳಿಕಾಯಿ ಒಂದನ್ನು ಕಚ್ಚುತ್ತ, ಪೆನ್ಸಿಲಿನ ತುದಿಯನ್ನು ಪಟ್ಟಿಯ ಮೇಲೆ ಓಡಿಸುತ್ತಿದ್ದಳು. ಹೆಂಡತಿ ಒಳಗಿನಿಂದ ಬಂದು ಮತ್ತೆ ಕೂತಳು. ತಾಯಿ ಹಜಾರದ ಸೋಫಾದಲ್ಲಿ ಒರಗಿ ಅರ್ಧ ನಿದ್ದೆಯಲ್ಲಿದ್ದಳು.

"ಅಪ್ಪ, ಆರನೇ ಮನೆಯವರು ಯಾರು?"

"ಹೆಸರು ಹೇಳೋ ಹಾಗಿಲ್ಲ ಕಣೇ."

"ಹೆಸರು ಬೇಡ. ಆ ಮನೆ ಅಪ್ಪ ವಿಚಿತ್ರ."

"ವಿಚಿತ್ರ ಅಲ್ಲ, ಅಪರೂಪ," ಎಂದ. ದನಿಯಲ್ಲಿ ಬಂದ ಮೆದುವನ್ನು ಅವನೇ ಗಮನಿಸಿದ.

"ಅಯ್ಯೋ ಇಲ್ನೋಡು. ಈ ಊಟದಲ್ಲಿ ಅಮ್ಮ ಐದು ಸಲ, ಮಗಳು ಎರಡು, ಅಜ್ಜಿ ಒಂದು. ಅಪ್ಪ ಎಂಟು. ಅದರ ಕೆಳಗೆ, ಅಮ್ಮ ನಾಲ್ಕು, ಮಗಳು ಒಂದು, ಅಜ್ಜಿ ಒಂದು. ಅಪ್ಪ ಆರು. ಅದರ ಕೆಳಗೂ ಹಾಗೇ. ಎಲ್ಲ ಊಟದಲ್ಲೂ ಹಾಗೇ ಅಪ್ಪ. ಉಳಿದವರನ್ನೆಲ್ಲ ಕೂಡಿಸಿದ್ರೆ ಅಪ್ಪ ಬರ್ತಾನೆ."

ಅವನು ಪಟ್ಟಿಯನ್ನು ತನ್ನತ್ತ ತಿರುಗಿಸಿಕೊಂಡ. ಈ ಅಂಕಿಗಳನ್ನು ಎಷ್ಟು ಸಲ ನೋಡಿದ್ದ, ಎಷ್ಟು ಪ್ರೀತಿಯಿಂದ ನೋಡಿದ್ದ. ಕೊನೆಯ ಅಂಕಣವೊಂದನ್ನೇ ನೋಡಿದ್ದ. ಅದು ಪಕ್ಕದ ಮೂರು ಅಂಕಣಗಳ ಮೊತ್ತ ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ, ಗೈಡಿನ ಕಣ್ಣಿಗೂ ಬಿದ್ದಿರಲಿಲ್ಲ. ಕಾಕತಾಳೀಯ ಇರಬಹುದು ಎನ್ನಲು ಬಾಯಿ ತೆರೆದ. ಮಗಳು ಹುರುಳಿಕಾಯಿ ಅಗಿಯುವುದನ್ನು ನಿಲ್ಲಿಸಿದ್ದಳು. ಅಮ್ಮ, ಮಗಳು, ಅಜ್ಜಿ, ಅಪ್ಪ ಎಂದು ಪಟ್ಟಿಯ ತಲೆಬರಹಗಳನ್ನು ಓದಿಕೊಂಡಳು. ಆಮೇಲೆ ಅಡುಗೆಮನೆಯ ಕಡೆ ನೋಡಿದಳು.

"ಅಪ್ಪ, ಇದು ನಮ್ಮನೆ ಅಲ್ವಾ?"

ಹೆಂಡತಿಯ ಬೆರಳು ನಾರೊಂದನ್ನು ಅರ್ಧ ಎಳೆದು ನಿಂತಿತು.

"ಆಗ ನೀನು ಊಟದ ಮಧ್ಯೆ ಎದ್ದು ಹೋಗಿ ಟಣ್ ಟಣ್ ಅನಿಸ್ತಿದ್ದೆಯಲ್ಲ, ಅದು ಇದಕ್ಕಾ? ನಾನು ಆಮೇಲೆ ಹತ್ತಿ ನೋಡಿದ್ದೆ, ಲೋಟದ ತುಂಬ ಗುಂಡಿ. ನಿನಗೇನೋ ಆಗಿದೆ ಅಂದ್ಕೊಂಡು ಯಾರಿಗೂ ಹೇಳಿರ್ಲಿಲ್ಲ." ಅವಳ ಮುಖದ ಮೇಲೆ ನಗು ಒಂದು ಕಡೆಯಿಂದ ಹರಡಲು ಶುರುವಾಯಿತು. "ಅಪ್ಪ, ಅಮ್ಮ ಎದ್ದಳು ಅಂತ ಗುಂಡಿ ಹಾಕೋಕೆ ನೀನೂ ಏಳ್ತಿದ್ದೆ. ಗುಂಡಿ ಹಾಕೋಕೆ ಎದ್ದಿದ್ದಕ್ಕೂ ಒಂದು ಗುಂಡಿ ಹಾಕ್ಕೊಂಡ್ಯಾ?"

ಎಲ್ಲವೂ ಎಷ್ಟು ಸರಳವಾಗಿತ್ತೆಂದರೆ, ಅದನ್ನು ತಿಳಿಯದೆ ಇರಲು ತಾನು ಎಷ್ಟೊಂದು ಶ್ರಮಪಟ್ಟಿರಬೇಕು ಅನ್ನಿಸಿತು. ಎರಡು ಪುಟದ ಚರ್ಚೆ, ಕಾಲಿನಲ್ಲಿ ಪ್ರೀತಿ ಹೇಳುವ ಗಂಡಸರು, ಕಿಟಕಿಯ ಹತ್ತಿರ ನಿಂತದ್ದು, ಎಲ್ಲವೂ ಸ್ಟೀಲ್ ಲೋಟದ ತಳಕ್ಕೆ ಬಿದ್ದು ಸದ್ದು ಮಾಡಿದವು. ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾರನ್ನು ಪೂರ್ತಿ ಎಳೆದು ಗುಡ್ಡೆಗೆ ಹಾಕಿ, ಬಹಳ ಸಮಾಧಾನದಿಂದ ಕೇಳಿದಳು:

"ಗುಂಡೀನ ಜೇಬಲ್ಲೇ ಹಾಕ್ಕೊಂಡಿದ್ರೆ ಆಗ್ತಿರ್ಲಿಲ್ವಾ ರೀ? ಈ ಜೇಬಿಂದ ಆ ಜೇಬಿಗೆ?"

"ಹೊಳೀಲಿಲ್ಲ."

ಹೊಳೆದಿತ್ತು. ಮೊದಲ ದಿನ ಬೆಳಿಗ್ಗೆಯೇ ಹೊಳೆದಿತ್ತು. ಪ್ಯಾಂಟಿನ ಎರಡೂ ಜೇಬುಗಳನ್ನು ತಟ್ಟಿ ನೋಡಿಕೊಂಡಿದ್ದೂ ಈಗ ನೆನಪಾಯಿತು. ಆದರೆ ಆ ದಿನದ ಊಟಕ್ಕೆ, ಹೆಂಡತಿ ಎದ್ದಾಗ ಒಂದು ಸಲ ತಾನೂ ಎದ್ದು ಒಳಗೆ ಹೋಗಿ ಬಂದಾಗ, ಮೇಜಿನ ಸುತ್ತ ಮೂವರೂ ತನ್ನನ್ನು ನೋಡಿದ್ದರು. ಆ ನೋಟ ಹಿತವಾಗಿತ್ತು. ಏಳುವ ಮನುಷ್ಯ. ಕುರ್ಚಿ ಹಿಂದಕ್ಕೆ ಜಾರುವ ಸದ್ದಿನಲ್ಲೇ ಒಂದು ಸಜ್ಜನಿಕೆ ಇತ್ತು. ಮಾರನೆಯ ದಿನದಿಂದ ಜೇಬಿನ ಯೋಚನೆ ಬರಲಿಲ್ಲ, ತಾನು ಯಾಕೆ ಎದ್ದೆ ಎಂಬ ಯೋಚನೆಯೂ ಬರಲಿಲ್ಲ, ಲೋಟ ತುಂಬುತ್ತ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅವಳು ಬಿಸಿ ಪಾತ್ರೆ ಹಿಡಿದು ಹೊರಗೆ ಬರುವಾಗ ಅವನು ಒಳಗೆ ಹೋಗುತ್ತಿದ್ದ. ಅವಳು "ಸ್ವಲ್ಪ ದಾರಿ ಬಿಡಿ, ಸುಡತ್ತೆ," ಎನ್ನುತ್ತಿದ್ದಳು. ದಾರಿ ಬಿಟ್ಟು, ಒಳಗೆ ಹೋಗಿ, ಅವಳ ಹೆಸರಿಗೊಂದು, ತನ್ನ ಹೆಸರಿಗೊಂದು.

"ಬರಿಗೈಲಿ ಹೋಗ್ತಿದ್ರಿ, ಬರಿಗೈಲೇ ಬರ್ತಿದ್ರಿ," ಎಂದಳು ಹೆಂಡತಿ, ಅವನು ಯೋಚಿಸಿದ್ದನ್ನು ಕೇಳಿಸಿಕೊಂಡಂತೆ. "ಒಂದು ಸಲನಾದ್ರೂ ಬರ್ತಾ ನೀರಿನ ಜಗ್ ಎತ್ಕೊಂಡು ಬರ್ತಾರೇನೋ ಅಂತ ನೋಡ್ತಿದ್ದೆ. ಆಮೇಲೆ ಸಕ್ಕರೆ ಕಾಯಿಲೆ ಅಂತ ಅತ್ತೆ ಹೇಳಿದ್ರಲ್ಲ, ಪಾಪ ಅಂತ ಸುಮ್ನಾದೆ."

ಸೋಫಾದಿಂದ ತಾಯಿಯ ದನಿ ಬಂತು. "ಇದೆಯಂತಾ ಸಕ್ಕರೆ?"

"ಇಲ್ಲಮ್ಮ. ನೀನು ಮಲಕ್ಕೋ."

"ನಾನೆಲ್ಲಿ ಮಲಗಿದ್ದೀನಿ. ನಿನ್ನ ಆರನೇ ಮನೆಯವರು ಊಟ ಮಾಡಿದ್ರೋ ಇಲ್ವೋ ಗೊತ್ತಿಲ್ಲ, ಈ ಮನೆಯವರಿಗೆ ಹಸಿವಾಗ್ತಿದೆ. ಮೇಜು ಯಾವಾಗ ಬಿಡ್ತೀಯ?"

ಫೋನು ತೆಗೆದುಕೊಂಡು ಅವನು ಮಲಗುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಗೈಡಿಗೆ ಹೇಳದೆ ಕಳಿಸಿಬಿಡಬಹುದಿತ್ತು. ಮೂರು ಅಂಕಣ ಕೂಡಿಸಿ ನೋಡುವ ಪುರುಸೊತ್ತು ಪತ್ರಿಕೆಯವರಿಗೆ ಇರುತ್ತದೆಯೇ? ಒಂದೆರಡು ಅಂಕಿಗಳನ್ನು ಅತ್ತಿತ್ತ ಮಾಡಿದರೆ ಮಗಳಿಗೂ ಸಿಗುವುದಿಲ್ಲ. ಈ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಿ, ನಾಚಿಕೆಯಾದದ್ದಕ್ಕೆ ತುಸು ಸಮಾಧಾನವಾಗಿ, ಆ ಸಮಾಧಾನಕ್ಕೂ ತನ್ನ ಲೋಟಕ್ಕೆ ಗುಂಡಿ ಹಾಕಿಕೊಳ್ಳುತ್ತಿದ್ದೇನಲ್ಲ ಎಂದು ಅವನಿಗೆ ಹೊಳೆದು, ಸಂಖ್ಯೆ ಒತ್ತಿದ.

"ಸಾರ್, ಕಳಿಸಿದ್ರಾ?" ಗೈಡಿನ ದನಿಯ ಹಿಂದೆ ತಟ್ಟೆ ಚಮಚದ ಸದ್ದು, ಮಗುವೊಂದರ ರಾಗ. ಊಟಕ್ಕೆ ಕೂತಿದ್ದಳು.

"ಇಲ್ಲ ಮೇಡಂ. ಆರನೇ ಮನೆ ವಿಷಯ."

"ಅದನ್ನ ಮುಟ್ಟಬೇಡಿ ಸಾರ್, ಅದೇ ನಮ್ಮ ಪ್ರಾಣ. ಒಂದ್ನಿಮಿಷ..." ಯಾರೋ ಗಂಡಸಿನ ದನಿ ಏನೋ ಎಲ್ಲಿದೆ ಎಂದು ಕೇಳಿತು. ಕುರ್ಚಿ ಉದ್ದಕ್ಕೆ ಎಳೆದ ಸದ್ದು, ಹೆಜ್ಜೆ, ಬಾಗಿಲು, ಹೆಜ್ಜೆ. ಅವನ ಎಡಗೈ ತನಗರಿವಿಲ್ಲದೆ ಒಂದು ಬೆರಳು ಮಡಚಿತು. "ಹಾಂ, ಹೇಳಿ ಸಾರ್."

ಅವನು ಹೇಳಿದ. ಪರಿಚಯದವರು ಎಂದದ್ದು, ಗುಂಡಿ, ಲೋಟ, ಹಲಗೆ, ಮೊತ್ತ. ಸಾಲುಗಳಿಗೆ ಸಂಖ್ಯೆ ಹಾಕಿದ ಹಾಗೆ ಒಂದೊಂದಾಗಿ ಹೇಳಿದ. ಅತ್ತ ಕಡೆ ಚಮಚದ ಸದ್ದು ನಿಂತಿತು.

"ಅಂದ್ರೆ, ಆ ತಂದೆ ನೀವಾ?"

"ಹೌದು ಮೇಡಂ."

"ಅಯ್ಯೋ ಸಾರ್." ಅವಳು ಬೇರೆ ಕೋಣೆಗೆ ಹೋದಂತಿತ್ತು, ದನಿ ತಗ್ಗಿತು. "ಆ ಮನುಷ್ಯನ ಬಗ್ಗೆ ನಮ್ಮನೇಲಿ ನಾನು ಎಷ್ಟು ಹೇಳಿದೀನಿ ಗೊತ್ತಾ ನಿಮಗೆ? ನಮ್ಮವರಿಗೆ ದಿನಾ ಅವನ ಉದಾಹರಣೆ. ಆರನೇ ಮನೆ ತಂದೇನ ನೋಡಿ ಕಲೀರಿ, ಆರನೇ ಮನೆ ತಂದೆ ಆಗಿದ್ರೆ ಹೀಗೆ ಕೂತಿರ್ತಿದ್ನಾ ಅಂತ. ಅವರಿಗಂತೂ ಆ ಮನುಷ್ಯನ್ನ ಕಂಡ್ರೆ ಆಗಲ್ಲ. ಎಲ್ಲಾದ್ರೂ ಸಿಕ್ಕಿದ್ರೆ ಹೊಡೀತೀನಿ ಅಂತಿದಾರೆ."

ಕ್ಷಮಿಸಿ ಎನ್ನಬೇಕೋ, ಯಾರ ಪರವಾಗಿ ಎನ್ನಬೇಕೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಒಂದು ವಿಚಿತ್ರ ಸದ್ದು ಬಂತು. ಅಳುತ್ತಿದ್ದಾಳೆ ಎಂದು ಗಾಬರಿಯಾದ. ನಗುತ್ತಿದ್ದಳು. ನಗು ನಿಲ್ಲಿಸಿ, ಗೈಡಿನ ದನಿ ತಂದುಕೊಂಡು ಕೇಳಿದಳು: "ಸಾರ್, ವಿಧಾನದ ಭಾಗದಲ್ಲಿ ಒಂದು ನಿಯಮ ಬರೆದಿದೀರಲ್ಲ, ವೀಕ್ಷಕನ ಕಾರಣದಿಂದ ಎದ್ದಿದ್ದನ್ನ ಲೆಕ್ಕಕ್ಕೆ ಹಿಡಿದಿಲ್ಲ ಅಂತ?"

ಬರೆದಿದ್ದ. ಬೇರೆ ಮನೆಗಳ ಹೆಂಗಸರು ಮೂಲೆಯಲ್ಲಿ ಕೂತ ಅವನಿಗೂ ಒಂದು ತಟ್ಟೆ ಕೊಡದೆ ಬಿಡುತ್ತಿರಲಿಲ್ಲ. ಅವನಿಗೆ ಬಡಿಸಲು ಅವರು ಎದ್ದದ್ದನ್ನೆಲ್ಲ ಅವನು ಕಟ್ಟುನಿಟ್ಟಾಗಿ ಬಿಟ್ಟಿದ್ದ.

"ಆ ನಿಯಮ ನಿಮಗೂ ಅನ್ವಯಿಸುತ್ತೆ ಸಾರ್. ವೀಕ್ಷಕ ಅಂತ ಎದ್ದಿದ್ದನ್ನೆಲ್ಲ ಕಳೀರಿ. ತಂದೆ ಅಂತ ಎಷ್ಟು ಸಲ ಎದ್ರಿ?"

ಕಳೆಯಲು ಕಾಗದ ಬೇಕಿರಲಿಲ್ಲ. ಮೂವರು ಎದ್ದಷ್ಟು ಸಲ ಅವನು ಎದ್ದಿದ್ದ. ಅದರಾಚೆ ಒಂದೇ ಒಂದು ಸಲ ಹೆಚ್ಚಾಗಿದ್ದರೂ ಮಗಳ ಮೊತ್ತ ಎಲ್ಲಾದರೂ ತಪ್ಪಬೇಕಿತ್ತು. ತಪ್ಪಿರಲಿಲ್ಲ.

"ಸೊನ್ನೆ, ಮೇಡಂ."

"ಇಡೀ ವಾರ?"

"ಇಡೀ ವಾರ."

"ಬೇರೆ ಮನೆಗಳಲ್ಲಿ ಸೊನ್ನೆ ಯಾರಾದ್ರೂ ಇದಾರಾ?"

ಅವನು ಆ ತಂದೆಯರನ್ನೆಲ್ಲ ನೆನೆದ. ಅವರ ಬಗ್ಗೆ ಎಷ್ಟು ಮರುಕಪಟ್ಟಿದ್ದ. ಬನಿಯನ್ನಿನಲ್ಲಿ ಕೂತು ಸುದ್ದಿ ನೋಡುತ್ತ ತಟ್ಟೆ ಮುಂದೆ ಚಾಚುವ ಎರಡನೇ ಮನೆಯವನು. ಮಾತೇ ಆಡದ ಒಂಬತ್ತನೇ ಮನೆಯವನು. "ಇಲ್ಲ ಮೇಡಂ. ಎಲ್ಲರೂ ಒಂದಲ್ಲ ಒಂದು ಸಲ ಎದ್ದಿದಾರೆ. ಉಪ್ಪಿಗಾದ್ರೂ."

ಗೈಡು ನಿಟ್ಟುಸಿರು ಬಿಟ್ಟಳು. "ನೋಡಿ ಸಾರ್. ಆರನೇ ಮನೇನೇ ತೆಗೆದುಬಿಡಬಹುದು. ಹನ್ನೊಂದು ಮನೆ ಅಂತ ಬರೀರಿ, ಯಾರೂ ಕೇಳಲ್ಲ, ನಿಮಗೂ ಮುಜುಗರ ಇಲ್ಲ. ಆದ್ರೆ ಆಮೇಲೆ ಲೇಖನದಲ್ಲಿ ಹೊಸದೇನಿದೆ? ಎಲ್ಲ ಕಡೆ ಹೆಂಗಸರೇ ಏಳ್ತಾರೆ ಅಂತ. ಅದನ್ನ ಹೇಳೋಕೆ ಪತ್ರಿಕೆ ಬೇಕಾ, ನಮ್ಮನೆ ಕೆಲಸದವಳೇ ಹೇಳ್ತಾಳೆ. ಇಲ್ಲಾಂದ್ರೆ ಇರೋದನ್ನ ಇದ್ದ ಹಾಗೆ ಬರೀರಿ. ಆಗ ವಾಪಸ್ ಬಂದ್ರೂ ಬರಬಹುದು. ನಿಮ್ಮ ಲೇಖನ, ನೀವೇ ನೋಡಿ." ಆಮೇಲೆ ಅವಸರದಿಂದ ಸೇರಿಸಿದಳು: "ಏನೇ ಮಾಡಿ, ನಮ್ಮವರಿಗೆ ಮಾತ್ರ ನಾನು ಹೇಳಲ್ಲ. ಅವರು ಮೊನ್ನೆಯಿಂದ ತಟ್ಟೆ ಎತ್ತಿಡೋಕೆ ಶುರು ಮಾಡಿದಾರೆ."

ಅವನು ಹೊರಗೆ ಬಂದಾಗ ಹೆಂಡತಿಯೂ ಮಗಳೂ ಒಂದೇ ಕಡೆ ಕೂತು ಅವನನ್ನು ನೋಡಿದರು. ಪರಿಶೀಲಕರು ಯಾರೆಂದು ಲೇಖಕನಿಗೆ ತಿಳಿಯಬಾರದು ಎಂಬ ನಿಯಮ ಎಷ್ಟು ದಯೆಯದ್ದು ಎಂದು ಅವನಿಗೆ ಅರ್ಥವಾಯಿತು. ಕೂತ. ಆರನೇ ಮನೆಯನ್ನು ತೆಗೆಯಲು ಆ ಭಾಗವನ್ನೆಲ್ಲ ಪರದೆಯ ಮೇಲೆ ಆಯ್ದು ಕಪ್ಪು ಮಾಡಿದ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟ. ಅಮ್ಮ ಐದು, ಮಗಳು ಎರಡು, ಅಜ್ಜಿ ಒಂದು. ಇವರು ಎದ್ದದ್ದಂತೂ ನಿಜ. ಮಂಡಿನೋವಿನ ತಾಯಿ ಆ ಒಂದು ಸಲ ಎದ್ದದ್ದು ಅವನ ಮಾತ್ರೆ ತರಲೆಂದು, ಅದೂ ಇಲ್ಲದ ಸಕ್ಕರೆ ಕಾಯಿಲೆಗೆ ಅವಳೇ ತಿಳಿದವರಿಂದ ತರಿಸಿದ ಮಾತ್ರೆ. ತನ್ನ ಮುಜುಗರಕ್ಕಾಗಿ ಇವರು ಎದ್ದದ್ದನ್ನೂ ಅಳಿಸುವುದೇ? ಬೆರಳು ತೆಗೆದ. ಕೊನೆಯ ಅಂಕಣದಲ್ಲಿ ಮೇಲಿನಿಂದ ಕೆಳಗೆ ಸೊನ್ನೆಗಳನ್ನು ಹೊಡೆಯುತ್ತ ಹೋದ. ಹೊಡೆಯುವುದು ಸುಲಭವಾಗಿತ್ತು, ಒಂದೇ ಕೀಲಿ. ಉಪಶೀರ್ಷಿಕೆ ಹೋಯಿತು. ಕಾಲಿನಲ್ಲಿ ಪ್ರೀತಿ ಹೇಳುವ ಗಂಡಸರು ಹೋದರು. ಅವರು ಹೋಗುವಾಗ ಅವನಿಗೆ ಸಂಕಟವಾಯಿತು, ವಾಕ್ಯ ಚೆನ್ನಾಗಿತ್ತು. ಅದರ ಜಾಗದಲ್ಲಿ ಬರೆದ: ಆರನೇ ಮನೆ ವೀಕ್ಷಕನದೇ. ಅಲ್ಲಿನ ತಂದೆ ಏಳುತ್ತಿದ್ದುದು ಇತರರು ಎದ್ದದ್ದನ್ನು ಎಣಿಸುವುದಕ್ಕೆ ಮಾತ್ರ. ತಾನು ನೆರವಾಗುತ್ತಿದ್ದೇನೆ ಎಂದು ಅವನು ಅಧ್ಯಯನದ ಕೊನೆಯವರೆಗೂ ನಂಬಿದ್ದ. ಘೋಷಣೆಯ ಪುಟಕ್ಕೆ ಹೋಗಿ ವೈಯಕ್ತಿಕ ಹಿತಾಸಕ್ತಿ 'ಹೌದು' ಎಂದು ಗುರುತು ಹಾಕಿದ. ವಿವರಿಸಿ ಎಂದು ಒಂದು ಪೆಟ್ಟಿಗೆ ತೆರೆದುಕೊಂಡಿತು. ಅವನು ಅದರಲ್ಲಿ 'ಲೇಖಕ ಆರನೇ ಮನೆಯಲ್ಲಿ ಊಟ ಮಾಡುತ್ತಾನೆ' ಎಂದು ಬರೆದ. ಮಗಳು ಹೆಗಲ ಮೇಲಿಂದ ಬಗ್ಗಿ ಓದಿದಳು. "ಇನ್ನು ಮುಂದೂನಾ?" ಎಂದು ಕೇಳಿ ತಾಯಿಯ ಕಡೆ ನೋಡಿದಳು. "ಅದನ್ನ ಪರಿಶೀಲಿಸಿ ಹೇಳ್ತೀನಿ," ಎಂದಳು ಹೆಂಡತಿ.

ಲೇಖನ ಹೋಯಿತು. ಪರದೆಯ ಮೇಲೆ ಧನ್ಯವಾದ ಎಂದು ಬಂತು. ಇಷ್ಟು ದಿನ ಆ ಕ್ಷಣಕ್ಕೆ ಏನೇನೋ ಅಂದುಕೊಂಡಿದ್ದ. ಈಗ ಅನ್ನಿಸಿದ್ದು ಹಸಿವು. ಊಟದ ಹೊತ್ತು ಎಂದೋ ಮೀರಿತ್ತು. ಕಾಗದಗಳನ್ನು ಬಾಚಿ ಕುರ್ಚಿಯ ಕೆಳಗಿಟ್ಟರು, ಪಾತ್ರೆಗಳು ಬಂದವು, ಅವುಗಳನ್ನು ಯಾರು ತಂದರೆಂದು ಅವನು ಗಮನಿಸಬಾರದೆಂದುಕೊಂಡೂ ಗಮನಿಸಿದ. ನಾಲ್ವರೂ ಕೂತರು. ತಾಯಿ ಮೊದಲ ತುತ್ತು ಬಾಯಿಗಿಟ್ಟು, ಯೋಚಿಸಿ, ಹೇಳಿದಳು: "ಉಪ್ಪು ಕಮ್ಮಿ."

ಹೆಂಡತಿಯ ಎರಡು ಅಂಗೈಗಳು ಮೇಜಿನ ಅಂಚಿಗೆ ಬಂದವು.

"ನೀನು ಕೂತ್ಕೋ," ಎಂದ ಅವನು. "ನಾನು ತರ್ತೀನಿ."

ಮೂವರೂ ತಲೆ ಎತ್ತಿದರು. ಮಗಳು ಚಮಚವನ್ನು ನೀರಿನ ಲೋಟದ ಹತ್ತಿರ ಹಿಡಿದು ಕಾದಳು. ಅವನು ಎದ್ದ ತಕ್ಷಣ ಬಡಿದಳು. ಟಣ್. ಆ ಸದ್ದನ್ನು ಬೆನ್ನಿಗೆ ಅಂಟಿಸಿಕೊಂಡೇ ಅವನು ಅಡುಗೆಮನೆಗೆ ಹೋದ. ಹೋಗಿ ನಿಂತ. ಇಲ್ಲಿಗೆ ಎಷ್ಟು ಸಲ ಬಂದಿದ್ದ, ಆದರೆ ಅವನಿಗೆ ಗೊತ್ತಿದ್ದದ್ದು ಕಿಟಕಿಯ ಮೇಲಿನ ಆ ಒಂದು ಹಲಗೆ. ನಾಲ್ಕು ಲೋಟಗಳು ಅಲ್ಲೇ ಇದ್ದವು, ಗುಂಡಿಗಳ ಸಮೇತ. ಯಾವ ಲೋಟ ಯಾರದೆಂದು ಕಣ್ಣು ಮುಚ್ಚಿಯೂ ಹೇಳಬಲ್ಲ. ಉಪ್ಪು ಎಲ್ಲಿದೆ? ಕೆಳಗಿನ ಸಾಲಿನಲ್ಲಿ ಎಲ್ಲ ಡಬ್ಬಿಗಳೂ ಒಂದೇ ಎತ್ತರ, ಒಂದೇ ಮುಚ್ಚಳ. ಒಂದನ್ನು ತೆರೆದ, ಸಕ್ಕರೆ. ಇನ್ನೊಂದು, ಹಿಟ್ಟು. ಇನ್ನೊಂದರಲ್ಲಿದ್ದ ಬಿಳಿ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದ, ಸೋಡಾ ಇರಬೇಕು. ಬಾಗಿಲ ಕಡೆ ತಿರುಗಿ 'ಎಲ್ಲಿದೆ?' ಎಂದು ಕೇಳಿದರೆ ಮುಗಿಯುವ ಕೆಲಸ. ಮಾತು ತುಟಿಯವರೆಗೂ ಬಂತು. ಆ ಮಾತಿಗೆ ತನ್ನ ಲೇಖನದಲ್ಲಿ ಒಂದು ಬೇರೆಯೇ ಅಂಕಣವಿದೆ ಎಂಬುದು ಅವನಿಗೆ ನೆನಪಾಯಿತು: ಎಲ್ಲಿದೆ ಎಂಬ ಪ್ರಶ್ನೆಯ ಕಾರಣಕ್ಕೆ ತಾಯಂದಿರು ಎದ್ದದ್ದು. ಹನ್ನೆರಡು ಮನೆಗಳಲ್ಲೂ ಅತಿ ಹೆಚ್ಚು ಅಂಕಿ ಅದರದ್ದೇ. ಕೇಳುವವನು ಕೂಗುತ್ತಾನೆ, ಅವಳು ಎದ್ದು ಬರುತ್ತಾಳೆ, ಅವನ ಕಣ್ಣೆದುರಿಗೇ ಇದ್ದದ್ದನ್ನು ತೆಗೆದುಕೊಡುತ್ತಾಳೆ. ಅವನು ಬಾಯಿ ಮುಚ್ಚಿಕೊಂಡು ಮೇಲಿನ ಕಪಾಟಿನ ಬಾಗಿಲು ತೆರೆದ.

"ಸಿಕ್ತಾ?" ಹೆಂಡತಿ ಕೇಳಿದಳು.

"ಹುಡುಕ್ತಿದೀನಿ. ಏಳಬೇಡ."

"ಹೇಳ್ಲಾ?"

"ಬೇಡ."

ಆಚೆ ಕುರ್ಚಿ ಸರಿಯಿತು. ಅವನು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು, ಉಸಿರು ಹಿಡಿದು, ಹೆಜ್ಜೆಯ ಸದ್ದಿಗಾಗಿ ಕಾದ. ಆಮೇಲೆ ಅವನ ಪಳಗಿದ ಕಿವಿಗೆ ಅರ್ಥವಾಯಿತು. ಉದ್ದನೆಯ ಎಳೆತವಲ್ಲ ಅದು. ಎರಡು ಗಿಡ್ಡ ಜಗ್ಗುಗಳು. ಅವಳು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಸರಿಯಾಗಿ ಕೂತಿದ್ದಳು.

"ನಿಧಾನಕ್ಕೆ ಹುಡುಕಿ," ಎಂದಳು. "ನಮಗೇನೂ ಅವಸರ ಇಲ್ಲ."

ಅವನು ಮುಂದಿನ ಡಬ್ಬಿ ತೆರೆದ.